ಹಳೆ ಸಿನಿಮಾ, ರೇಡಿಯೋ, ಟಿವಿ ಹುಡುಕಾಟ: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಯಾವ ಆನ್‌ಲೈನ್ ಭಂಡಾರ?

ಸಿನಿಮಾ, ರೇಡಿಯೋ ಅಥವಾ ಟಿವಿಯ ಹಳೆ ದಾಖಲೆ ಬೇಕಾದಾಗ ನಮ್ಮ ಭಾಗದ ವಿದ್ಯಾರ್ಥಿಗಳು, ಮೇಷ್ಟ್ರುಗಳು, ಸಾಕ್ಷ್ಯಚಿತ್ರ ಮಾಡುವ ಹುಡುಗರು ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ಇಂಟರ್ನೆಟ್ ಆರ್ಕೈವ್ ನೋಡುವುದೋ, ಪುಣೆಯ ಫಿಲ್ಮ್ ಆರ್ಕೈವ್‌ಗೆ ಪತ್ರ ಬರೆಯುವುದೋ, ಪ್ರಸಾರ ಭಾರತಿಯ ಆಪ್ ಹಾಕಿಕೊಳ್ಳುವುದೋ, ಯೂಟ್ಯೂಬ್ ಒಂದೇ ಸಾಕೋ? ಯಾವ ತಾಣ ದೊಡ್ಡದು ಎಂದು ನೋಡಿ ಆರಿಸಿದರೆ ವಾರಗಟ್ಟಲೆ ಹುಡುಕಿದರೂ ಕೈಗೆ ಏನೂ ಹತ್ತುವುದಿಲ್ಲ. ನಿಮಗೆ ಬೇಕಾದ ವರ್ಷದಲ್ಲಿ ನಿಮ್ಮ ಊರು ಯಾರ ಆಡಳಿತದಲ್ಲಿತ್ತು, ಸಿನಿಮಾ ಡಬ್ಬಿ ಮತ್ತು ರೇಡಿಯೋ ಪ್ರಸಾರ ಯಾವ ಪಟ್ಟಣದಿಂದ ಬರುತ್ತಿತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಯಾವ ಭಂಡಾರ ಎಂಬುದು ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ಆರಿಸುವ ಮುನ್ನ ನೋಡಬೇಕಾದ್ದು

ಬಳ್ಳಾರಿ ಜಿಲ್ಲೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯವರೆಗೆ ಅದು ಮದರಾಸಿನ ಭಾಗ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಗ ಆಂಧ್ರಕ್ಕೆ ಹೋದವು, ಹಾಗಾಗಿ 1940ರ ದಾಖಲೆಯಲ್ಲಿ 'ಬಳ್ಳಾರಿ ಜಿಲ್ಲೆ' ಎಂದಿದ್ದರೆ ಅದರೊಳಗೆ ಆದವಾನಿಯೂ ಇದೆ. ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ಸೀಮೆ. ಕೊಪ್ಪಳ ಸ್ವಂತ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಮುಂಚಿನ ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಸುದ್ದಿಯೆಲ್ಲ ರಾಯಚೂರು ಜಿಲ್ಲೆಯ ಹೆಸರಿನಲ್ಲಿದೆ. ಆದ್ದರಿಂದ 1930ರ ದಶಕದ ಬಳ್ಳಾರಿಯ ಟಾಕೀಸಿನ ಬಗ್ಗೆ ಬೆಂಗಳೂರಿನ ದಾಖಲೆಗಳಲ್ಲಿ ಹುಡುಕಿದರೆ ಪ್ರಯೋಜನ ಕಡಿಮೆ, ಮದರಾಸಿನ ಪತ್ರಿಕೆ ನೋಡಬೇಕು. ಅದೇ ಕಾಲದ ರಾಯಚೂರಿಗೆ ಹೈದರಾಬಾದಿನ ದಾಖಲೆ ನೋಡಬೇಕು, ಅದರಲ್ಲಿ ಬಹಳಷ್ಟು ಉರ್ದುವಿನಲ್ಲಿರುತ್ತದೆ.

ಇದರ ಬೆನ್ನಿಗೇ ಬರುವುದು ಕಾಗುಣಿತ. ಬಳ್ಳಾರಿ, ಹೊಸಪೇಟೆ, ಕಲಬುರಗಿಯ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಕಾಗದಗಳಲ್ಲಿ ಇರುವುದು 'ಬೆಲ್ಲಾರಿ', 'ಹಾಸ್ಪೆಟ್', 'ಗುಲ್ಬರ್ಗ'. ಕೊಪ್ಪಳವನ್ನು ನಿಜಾಮರ ಕಾಲದಲ್ಲಿ 'ಕೊಪ್‌ಬಾಲ್' ಎಂದು ಬರೆಯುತ್ತಿದ್ದರು. ಕನ್ನಡಕ್ಕೆ 'ಕ್ಯಾನರೀಸ್' ಎನ್ನುತ್ತಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವಾಗ ಹೊಸ ಕಾಗುಣಿತ ಹಾಕಿದರೆ 2014ರ ಈಚಿನ ಸುದ್ದಿ ಮಾತ್ರ ಬರುತ್ತದೆ. ಬಹಳ ಜನ 'ಆರ್ಕೈವ್‌ನಲ್ಲಿ ನಮ್ಮೂರಿನದು ಏನೂ ಇಲ್ಲ' ಎಂದು ಕೈಬಿಡುವುದು ಇಲ್ಲೇ.

ಎರಡನೆಯ ಅಳತೆ, ನಿಮಗೆ ವಸ್ತುವೇ ಬೇಕೋ, ಅದರ ಸುಳಿವು ಸಾಕೋ ಎಂಬುದು. ನೋಡುವ ಚಿತ್ರ, ಕೇಳುವ ಧ್ವನಿ ಒಂದು ಬಗೆ. ಚಿತ್ರ ಯಾವಾಗ ಬಂತು, ಯಾರು ನಟಿಸಿದರು, ಜನ ಏನೆಂದರು ಎಂಬ ಕಾಗದದ ದಾಖಲೆ ಇನ್ನೊಂದು ಬಗೆ. ಕನ್ನಡದ ಮೊದಲ ವಾಕ್ಚಿತ್ರ 1934ರ 'ಸತಿ ಸುಲೋಚನಾ'ದ ಪ್ರತಿಯೇ ಉಳಿದಿಲ್ಲ, ಆದರೂ ಅದರ ಬಗ್ಗೆ ಸಂಶೋಧನೆ ನಡೆಯುತ್ತದೆ, ಜಾಹೀರಾತು, ಫೋಟೋ, ಬರಹಗಳಿಂದ. ಹಳೆಯ ಕಾಲದ ಮಟ್ಟಿಗೆ ಕಾಗದವೇ ಹೆಚ್ಚು ಸಿಗುತ್ತದೆ ಎಂದು ಮೊದಲೇ ಮನಸ್ಸು ಸಿದ್ಧಮಾಡಿಕೊಳ್ಳುವುದು ಒಳ್ಳೆಯದು.

ಮಿಕ್ಕಂತೆ ನೋಡಬೇಕಾದ್ದು: ಕನ್ನಡದಲ್ಲಿ ಹುಡುಕಲು ಬರುತ್ತದೆಯೇ, ಇಳಿಸಿಕೊಳ್ಳಲು ಬಿಡುತ್ತಾರೆಯೇ, ಪ್ರಬಂಧದಲ್ಲಿ ಆಧಾರವಾಗಿ ಕೊಟ್ಟರೆ ಎರಡು ವರ್ಷದ ನಂತರವೂ ಆ ಕೊಂಡಿ ತೆರೆಯುತ್ತದೆಯೇ, ಮತ್ತು ಖರ್ಚೆಷ್ಟು. ಖರ್ಚು ಎಂದರೆ ಶುಲ್ಕ ಒಂದೇ ಅಲ್ಲ, ಮೊಬೈಲ್ ಡೇಟಾ ಮತ್ತು ಪುಣೆಯ ರೈಲು ಚಾರ್ಜು ಕೂಡ.

ಇಂಟರ್ನೆಟ್ ಆರ್ಕೈವ್

ಕೈಯಲ್ಲಿ ಕಾಸಿಲ್ಲದ, ಮನೆಯಲ್ಲೇ ಕೂತು ಕೆಲಸ ಶುರುಮಾಡಬೇಕಾದವರಿಗೆ ಮೊದಲ ನಿಲ್ದಾಣ ಇದೇ, ಆರ್ಕೈವ್ ಡಾಟ್ ಆರ್ಗ್. 1996ರಿಂದ ನಡೆಯುತ್ತಿದೆ, ಉಚಿತ, ಹಕ್ಕುಸ್ವಾಮ್ಯ ಮುಗಿದದ್ದನ್ನು ಪೂರ್ತಿ ಇಳಿಸಿಕೊಳ್ಳಬಹುದು. ನಮ್ಮ ಕೆಲಸಕ್ಕೆ ಇದರಲ್ಲಿ ಮುಖ್ಯವಾದದ್ದು ಸಿನಿಮಾಗಳಿಗಿಂತ ಕಾಗದ. ಟಿ. ರಂಗಾಚಾರಿಯಾರ್ ಅಧ್ಯಕ್ಷತೆಯ 1927-28ರ ಸಿನಿಮಾಟೋಗ್ರಾಫ್ ಸಮಿತಿಯ ವರದಿ ಮತ್ತು ಸಾಕ್ಷ್ಯ ಸಂಪುಟಗಳು ಇಲ್ಲಿವೆ. ಮದರಾಸು ಪ್ರಾಂತ್ಯದಲ್ಲಿ ಸಿನಿಮಾ ಹೇಗೆ ತೋರಿಸುತ್ತಿದ್ದರು, ಟಿಕೆಟ್ ದರ ಏನು, ಸೆನ್ಸಾರ್ ಹೇಗೆ ಎಂಬುದಕ್ಕೆ ಇಷ್ಟು ವಿವರದ ಮೂಲ ಬೇರೆ ಸಿಗುವುದು ಕಷ್ಟ. 1935ರಿಂದ ಬಂದ 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಸಂಪುಟಗಳೂ ಇವೆ. ಆಕಾಶವಾಣಿಯ ಕಾರ್ಯಕ್ರಮ ಪತ್ರಿಕೆ 'ದಿ ಇಂಡಿಯನ್ ಲಿಸನರ್' ಸಂಚಿಕೆಗಳಲ್ಲಿ ಯಾವ ದಿನ ಎಷ್ಟು ಗಂಟೆಗೆ ಯಾರು ಹಾಡಿದರು ಎಂಬ ಪಟ್ಟಿಯೇ ಇರುತ್ತದೆ. ಮದರಾಸು ನಿಲಯ 1938ರಲ್ಲಿ ಶುರುವಾದದ್ದರಿಂದ ಬಳ್ಳಾರಿ ಕಡೆಯ ಕಲಾವಿದರನ್ನು ಮದರಾಸಿನ ಕಾಲಂನಲ್ಲಿ ಹುಡುಕಬೇಕು. ರಾಯಚೂರಿನವರಿಗೆ ಮಾತ್ರ ಇಲ್ಲೊಂದು ತೊಡಕಿದೆ. ನಿಜಾಮರ ಡೆಕ್ಕನ್ ರೇಡಿಯೋ 1950ರಲ್ಲಷ್ಟೇ ಆಕಾಶವಾಣಿಗೆ ಸೇರಿತು, ಅದಕ್ಕೂ ಹಿಂದಿನ ಹೈದರಾಬಾದ್ ಕಾರ್ಯಕ್ರಮಗಳಿಗೆ ಈ ಪತ್ರಿಕೆಯನ್ನು ನಂಬಿ ಕೂರಬಾರದು.

ಹುಡುಕುವ ಕ್ರಮ ಮುಖ್ಯ. ಹುಡುಕಾಟದ ಪೆಟ್ಟಿಗೆ ತಾನಾಗಿ ನೋಡುವುದು ಶೀರ್ಷಿಕೆ ಮತ್ತು ವಿವರಣೆಯನ್ನಷ್ಟೇ. ಪುಟದ ಒಳಗಿನ ಪದ ಬೇಕಿದ್ದರೆ ಪಠ್ಯದೊಳಗೆ ಹುಡುಕುವ ಆಯ್ಕೆಯನ್ನು ಒತ್ತಬೇಕು, ನಂತರ ಎಡಗಡೆಯ ಪಟ್ಟಿಯಲ್ಲಿ ವರ್ಷ ಮತ್ತು ಭಾಷೆಯಿಂದ ಸೋಸಬೇಕು. ಸಿನಿಮಾ ಪತ್ರಿಕೆಗಳಿಗೆ 'ಲ್ಯಾಂಟರ್ನ್' ಎಂಬ ಪ್ರತ್ಯೇಕ ಹುಡುಕು ತಾಣವಿದೆ. ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯವರದು ಅದು, ಪದ ಸಿಕ್ಕ ಪುಟವನ್ನೇ ನೇರ ತೆರೆದುಕೊಡುತ್ತದೆ. ಹಳೆ ಪತ್ರಿಕೆಗಳಲ್ಲಿ ಎರಡು ಮೂರು ಕಾಲಂ ಇರುವುದರಿಂದ ಯಂತ್ರ ಓದಿದ ಪಠ್ಯದಲ್ಲಿ ಸಾಲುಗಳು ಅಡ್ಡಡ್ಡ ಸೇರಿಹೋಗಿರುತ್ತವೆ. ಎರಡು ಪದದ ಹೆಸರನ್ನು ಒಟ್ಟಿಗೆ ಉದ್ಧರಣ ಚಿಹ್ನೆಯಲ್ಲಿ ಹಾಕಿ ಸಿಗದಿದ್ದರೆ ಒಂದೇ ಪದ ಹಾಕಿ ನೋಡಿ.

ಕನ್ನಡ ಪುಸ್ತಕಗಳ ಗೋಳು ಬೇರೆಯೇ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಬಂದ ಸಾವಿರಾರು ಕನ್ನಡ ಪುಸ್ತಕಗಳ ಹೆಸರನ್ನು ಗುರುತೇ ಸಿಗದ ಇಂಗ್ಲಿಷ್ ಲಿಪ್ಯಂತರದಲ್ಲಿ ಬರೆದಿಟ್ಟಿದ್ದಾರೆ. ಅವುಗಳನ್ನು ಕನ್ನಡದಲ್ಲೇ ಹುಡುಕಲು 'ಪುಸ್ತಕ ಸಂಚಯ' ಬಳಸಿ, ಅಲ್ಲಿಂದ ಮೂಲ ಪುಟಕ್ಕೆ ಹೋಗಿ. 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಸಂಗ್ರಹದಲ್ಲಿಯೂ ಕನ್ನಡದ ಸ್ಕ್ಯಾನ್‌ಗಳಿವೆ.

ಇಂಟರ್ನೆಟ್ ಆರ್ಕೈವ್‌ನ ದೌರ್ಬಲ್ಯ ಎಂದರೆ ಯಾರು ಬೇಕಾದರೂ ಏರಿಸಬಹುದು. ಹಾಗಾಗಿ ವಿವರಣೆಯಲ್ಲಿರುವ ವರ್ಷ, ಹೆಸರುಗಳನ್ನು ಹಾಗೆಯೇ ನಂಬಬಾರದು, ಹಕ್ಕಿನ ದೂರು ಬಂದರೆ ವಸ್ತು ಮಾಯವೂ ಆಗುತ್ತದೆ.

ಇಂಡಿಯನ್‌ಸಿನೆ ಡಾಟ್ ಮಾ

ಚಿತ್ರದ ಮೇಲೆಯೇ ಕೆಲಸ ಮಾಡುವವರಿಗೆ, ಅಂದರೆ ದೃಶ್ಯ, ಹಾಡು, ಕ್ಯಾಮೆರಾ, ಸೆಟ್ ನೋಡಿ ಬರೆಯುವವರಿಗೆ, ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 2013ರಲ್ಲಿ ಶುರುವಾದ, ಭಾರತೀಯ ಚಿತ್ರಗಳಿಗೇ ಮೀಸಲಾದ ಟಿಪ್ಪಣಿ ಸಹಿತ ಭಂಡಾರವಿದು. ಭಾಷೆ, ವರ್ಷ, ನಿರ್ದೇಶಕ ಎಂದು ಸೋಸಬಹುದು. ವಿಡಿಯೋ ಇಲ್ಲದ ಚಿತ್ರಗಳಿಗೂ ತಾರಾಗಣದ ವಿವರ ಇರುತ್ತದೆ, ಕನ್ನಡ ಚಿತ್ರಗಳಿಗೆ ಇದು ತುಂಬ ಉಪಯೋಗ. ಇಡೀ ಚಿತ್ರವನ್ನು ಬಣ್ಣದ ಪಟ್ಟಿಯಂತೆ ಹರಡಿ ತೋರಿಸುತ್ತದೆ, ಎಲ್ಲಿ ಹಾಡು, ಎಲ್ಲಿ ರಾತ್ರಿಯ ದೃಶ್ಯ ಎಂದು ಕಣ್ಣಿಗೇ ಕಾಣುತ್ತದೆ. ಆರಂಭ ಮತ್ತು ಕೊನೆಯ ಬಿಂದು ಗುರುತಿಸಿ ಟಿಪ್ಪಣಿ ಹಾಕಬಹುದು, ಆ ನಿಮಿಷ ಮತ್ತು ಸೆಕೆಂಡಿಗೆ ಸರಿಯಾದ ಕೊಂಡಿಯನ್ನೇ ಪ್ರಬಂಧದಲ್ಲಿ ಕೊಡಬಹುದು. ಉಲ್ಲೇಖದ ಮಟ್ಟಿಗೆ ಉಳಿದ ಯಾವ ತಾಣವೂ ಇದಕ್ಕೆ ಸಮನಲ್ಲ.

ಹಕ್ಕುಸ್ವಾಮ್ಯ ಇನ್ನೂ ಇರುವ ಚಿತ್ರಗಳಲ್ಲಿ ನೋಡುವುದಕ್ಕೆ ಮಿತಿ ಇದೆ. ಪರದೆ ಸಣ್ಣದಾದರೆ ಕಷ್ಟ, ಮೊಬೈಲಿನಲ್ಲಿ ಇದನ್ನು ಬಳಸುವ ಪ್ರಯತ್ನವೇ ಬೇಡ, ಕಾಲೇಜಿನ ಕಂಪ್ಯೂಟರ್ ಹಿಡಿಯಿರಿ. ರೇಡಿಯೋ, ಟಿವಿ ಇಲ್ಲಿಲ್ಲ.

ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ

1964ರಲ್ಲಿ ಶುರುವಾದ ಇದು 2022ರ ವಿಲೀನದ ನಂತರ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಅಡಿ ಬಂದಿದೆ. ಫಿಲ್ಮ್ ಪ್ರತಿಗಳ ಜೊತೆ ಪೋಸ್ಟರ್, ಸ್ಥಿರಚಿತ್ರ, ಹಾಡಿನ ಪುಸ್ತಕ, ಚಿತ್ರಕಥೆಗಳೂ ಇಲ್ಲಿವೆ. ಹಾಡಿನ ಪುಸ್ತಕವನ್ನು ಹಗುರವಾಗಿ ನೋಡಬೇಡಿ, ಪ್ರತಿಯೇ ಕಳೆದುಹೋದ ಚಿತ್ರದ ಕಥಾಸಾರ, ನಟರ ಪಟ್ಟಿ, ಹಾಡುಗಳ ಪೂರ್ತಿ ಸಾಹಿತ್ಯ ಎಷ್ಟೋ ಸಲ ಉಳಿದಿರುವುದು ಆ ತೆಳು ಪುಸ್ತಕದಲ್ಲಿ ಮಾತ್ರ. ಆದರೆ ಮನೆಯಿಂದ ನೋಡಿ ಮುಗಿಸುವ ತಾಣ ಇದಲ್ಲ. ಏನಿದೆ ಎಂದು ಇಮೇಲ್‌ನಲ್ಲಿ ಮೊದಲೇ ಕೇಳಿ, ಮಾರ್ಗದರ್ಶಕರ ಪತ್ರ ಮತ್ತು ಬೇಕಾದ ವಸ್ತುಗಳ ಪಟ್ಟಿ ಕಳಿಸಿ, ದಿನ ಗೊತ್ತಾದ ಮೇಲೆ ಹೊರಡಿ. ಪಟ್ಟಿಯಿಲ್ಲದೆ ಹೋದರೆ ಮೊದಲ ದಿನ ಕ್ಯಾಟಲಾಗ್ ನೋಡುವುದರಲ್ಲೇ ಮುಗಿಯುತ್ತದೆ.

ರಾಯಚೂರಿನವರಿಗೆ ಪುಣೆ ಸುಲಭ, ಮುಂಬೈ ಲೈನಿನಲ್ಲೇ ಇರುವುದರಿಂದ ನೇರ ರೈಲು. ಬಳ್ಳಾರಿಯಿಂದ ಗುಂತಕಲ್ಲಿಗೆ ಹೋಗಿ ಅದೇ ಲೈನ್ ಹಿಡಿಯಬಹುದು. ಕೊಪ್ಪಳದವರಿಗೆ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಪುಣೆಯ ರೈಲು ಹಿಡಿಯುವುದು ಹತ್ತಿರ. ಹೋಗಿಬರುವ ಖರ್ಚು, ಎರಡು ಮೂರು ರಾತ್ರಿಯ ವಸತಿ ಸೇರಿಸಿದರೆ ಪಿಎಚ್.ಡಿ.ಗೆ ಇದು ಸಾರ್ಥಕ, ಎಂ.ಎ. ಪ್ರಬಂಧಕ್ಕೆ ಅನಗತ್ಯ ಭಾರ.

ಆಕಾಶವಾಣಿ, ದೂರದರ್ಶನ

ಬಹಳ ಜನರ ನಿರೀಕ್ಷೆ ಹುಸಿಯಾಗುವ ಜಾಗ ಇದು, ಹಾಗಾಗಿ ಬಿಡಿಸಿ ಹೇಳಬೇಕು. ಪ್ರಸಾರ ಭಾರತಿ ಆರ್ಕೈವ್ಸ್‌ನ ಯೂಟ್ಯೂಬ್ ವಾಹಿನಿ ಇದೆ, 2024ರ ನವೆಂಬರ್‌ನಲ್ಲಿ ಬಂದ 'ವೇವ್ಸ್' ಆಪ್ ಇದೆ, ಚಂದನ ವಾಹಿನಿಯ ಯೂಟ್ಯೂಬ್ ಇದೆ. ಇವೆಲ್ಲವೂ ಅವರು ಆರಿಸಿ ಏರಿಸಿದ ಕಾರ್ಯಕ್ರಮಗಳು, ಪೂರ್ತಿ ಭಂಡಾರದ ಕ್ಯಾಟಲಾಗ್ ಅಲ್ಲ. ಹೆಸರಾಂತ ಶಾಸ್ತ್ರೀಯ ಗಾಯಕರದು, ಜನಪ್ರಿಯ ಧಾರಾವಾಹಿಗಳದು ಸಿಗುವ ಸಾಧ್ಯತೆ ಹೆಚ್ಚು. ಸಿದ್ದರಾಮ ಜಂಬಲದಿನ್ನಿಯವರ ವಚನ, ದರೋಜಿ ಈರಮ್ಮನವರ ಬುರ್ರಕಥೆ ಬೇಕಾದಾಗ ಆಪ್‌ನಲ್ಲಿ ಹುಡುಕಿ ಸಿಗದಿದ್ದರೆ ಧ್ವನಿಮುದ್ರಣವೇ ಇಲ್ಲ ಎಂದು ತೀರ್ಮಾನಿಸಬೇಡಿ. ಅಂಥದ್ದು ನಿಲಯದ ಟೇಪ್ ಕೋಣೆಯಲ್ಲಿ ಇರಬಹುದು, ಅಥವಾ ಆ ಟೇಪಿನ ಮೇಲೆ ಬೇರೆ ಕಾರ್ಯಕ್ರಮ ಮುದ್ರಿಸಿ ಅಳಿಸಿಹೋಗಿರಬಹುದು.

ದಾರಿ ಎಂದರೆ ನಿಲಯಕ್ಕೆ ಪತ್ರ ಬರೆಯುವುದು. ಕಲಾವಿದರ ಪೂರ್ಣ ಹೆಸರು, ಕಾರ್ಯಕ್ರಮದ ಬಗೆ, ಪ್ರಸಾರವಾದ ದಿನಾಂಕ ಅಥವಾ ಕನಿಷ್ಠ ವರ್ಷ, ಯಾತಕ್ಕೆ ಬೇಕು ಎಂಬುದು ಪತ್ರದಲ್ಲಿರಲಿ. ದಿನಾಂಕ ಇಲ್ಲದ ಪತ್ರಕ್ಕೆ ಉತ್ತರ ಬರುವುದು ಕಷ್ಟ, ಏಕೆಂದರೆ ಹಳೆ ಟೇಪುಗಳ ಪಟ್ಟಿ ದಿನಾಂಕ ಅಥವಾ ಟೇಪ್ ಸಂಖ್ಯೆಯ ಮೇಲೆ ನಿಂತಿರುತ್ತದೆ. ಕಲಾವಿದರ ಮನೆಯಲ್ಲಿ ಆಕಾಶವಾಣಿಯ ಕರಾರು ಪತ್ರ ಇದ್ದರೆ ಅದರಲ್ಲಿ ದಿನಾಂಕ, ಸಮಯ ಎರಡೂ ಸಿಗುತ್ತದೆ, ಅದರ ಜೆರಾಕ್ಸ್ ಲಗತ್ತಿಸಿ. ಯಾವ ನಿಲಯ ಎಂಬುದಕ್ಕೂ ಕಾಲವೇ ಉತ್ತರ. ಧಾರವಾಡ ನಿಲಯ 1950ರಿಂದ, ಕಲಬುರಗಿ 1966ರಿಂದ ಇದೆ. ರಾಯಚೂರು, ಹೊಸಪೇಟೆ, ಬಳ್ಳಾರಿ ನಿಲಯಗಳು ಅವುಗಳಿಗಿಂತ ಬಹಳ ಈಚಿನವು. 1970ರ ರಾಯಚೂರು ಕಲಾವಿದರ ಟೇಪನ್ನು ರಾಯಚೂರು ನಿಲಯದಲ್ಲಿ ಕೇಳಿದರೆ ಸಿಗದು.

ಸ್ಪೂಲ್ ಟೇಪಿನಿಂದ ಇಳಿಸಿದ ಧ್ವನಿ ಕೈಗೆ ಬಂದ ಮೇಲೆ ವೇಗ ಸರಿಯಿದೆಯೇ ನೋಡಿ. ಶ್ರುತಿಯ ಬಗ್ಗೆ ಬರೆಯುವವರಿಗೆ ಇದು ಪ್ರಾಣ. ಹಳೆ ಮುದ್ರಣಗಳಲ್ಲಿ ಕರೆಂಟಿನ ಗುಂಯ್ ಸದ್ದು ಸೇರಿರುತ್ತದೆ, ನಮ್ಮಲ್ಲಿ ಅದು 50 ಹರ್ಟ್ಸ್. ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಹಾಡಿಲ್ಲದ ಒಂದೆರಡು ಸೆಕೆಂಡು ಆರಿಸಿ ಸ್ಪೆಕ್ಟ್ರಮ್, ಅಂದರೆ ಎಷ್ಟು ಹರ್ಟ್ಸ್‌ನ ಸದ್ದು ಎಷ್ಟು ಜೋರಾಗಿದೆ ಎಂಬ ನಕ್ಷೆ, ತೆರೆದರೆ ಆ ಏರು ಕಾಣುತ್ತದೆ. ಅದು 52ರಲ್ಲಿ ಕೂತಿದ್ದರೆ ಧ್ವನಿ ಶೇ. 4ರಷ್ಟು ವೇಗವಾಗಿದೆ ಎಂದರ್ಥ, ವೇಗ ಬದಲಿಸುವ ಆಯ್ಕೆಯಲ್ಲಿ ಮೈನಸ್ 3.8 ಕೊಟ್ಟು ಸರಿಮಾಡಬಹುದು. 48 ಮತ್ತು 50ರ ನಡುವೆ ಇದ್ದರೆ ನಿಧಾನವಾಗಿದೆ. ಗುಂಯ್ ಸದ್ದು ಎರಡನೇ ಬಾರಿ ನಕಲು ಮಾಡುವಾಗ ಸೇರಿದ್ದಾದರೆ ಈ ಉಪಾಯ ನಡೆಯದು. ಆಗ ಹಾರ್ಮೋನಿಯಂ ಅಥವಾ ತಂಬೂರಿಯ ಶ್ರುತಿಯನ್ನು ಅದೇ ಕಲಾವಿದರ ಬೇರೆ ಮುದ್ರಣಕ್ಕೆ ಹೋಲಿಸಿ ನೋಡಬೇಕು.

ರಾಯಚೂರಿನ ಟಿವಿ: ವಿದೇಶಿ ಭಂಡಾರದಲ್ಲಿರುವ ನಮ್ಮ ಕಥೆ

ದೇಶದ ಬಹುಪಾಲು ಪಟ್ಟಣಗಳಿಗೆ ಟಿವಿ ಬರುವ ಮುಂಚೆಯೇ ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ಟಿವಿ ಬಂದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ಟಿವಿ ಪ್ರಯೋಗ, ಅಂದರೆ 'ಸೈಟ್', ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಮುಟ್ಟಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು. ಇಂದಿನ ಕೊಪ್ಪಳ ಆಗ ರಾಯಚೂರಿನೊಳಗೇ ಇತ್ತು. ನಾಸಾದ ಎಟಿಎಸ್-6 ಉಪಗ್ರಹದಿಂದ ಬರುವ ಸಂಕೇತವನ್ನು ಕೋಳಿ ಜಾಲರಿಯಿಂದ ಮಾಡಿದ ಸುಮಾರು 3 ಮೀಟರ್ ಅಗಲದ ತಟ್ಟೆ ಆಂಟೆನಾ ಹಿಡಿಯುತ್ತಿತ್ತು. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನ ಕೇಂದ್ರದಲ್ಲಿ.

ಇದರ ಬಗ್ಗೆ ಬರೆಯುವವರು ಚಂದನದಲ್ಲಿ ಹುಡುಕಿ ಫಲವಿಲ್ಲ, ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದೇ 1981ರಲ್ಲಿ. ಬೇಕಾದ ಕಾಗದಗಳು ಅಮೆರಿಕದ ಎರಡು ಉಚಿತ ಭಂಡಾರಗಳಲ್ಲಿವೆ, ನಾಸಾದ ತಾಂತ್ರಿಕ ವರದಿಗಳ ಸರ್ವರ್ ಮತ್ತು 'ಎರಿಕ್' ಎಂಬ ಶಿಕ್ಷಣ ದಾಖಲೆಗಳ ತಾಣ. ನಾಸಾದಲ್ಲಿ ತಂತ್ರಜ್ಞಾನ, ಉಪಗ್ರಹ, ಆಂಟೆನಾದ ವಿವರ ಹೆಚ್ಚು. ಹಳ್ಳಿಯ ಜನ ಏನು ನೋಡಿದರು, ಮಕ್ಕಳು ಏನು ಕಲಿತರು ಎಂಬ ಸಮೀಕ್ಷೆಗಳಿಗೆ ಎರಿಕ್ ನೋಡಿ. ಹುಡುಕುವಾಗ 'ಸೈಟ್' ಎಂದಷ್ಟೇ ಇಂಗ್ಲಿಷಿನಲ್ಲಿ ಹಾಕಿದರೆ ಜಾಗ ಎಂಬ ಅರ್ಥದ ಲಕ್ಷಾಂತರ ಫಲಿತಾಂಶ ಬಂದು ಬೀಳುತ್ತದೆ. 'ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್' ಎಂದು ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯಲ್ಲಿ ಹಾಕಿ, ವರ್ಷವನ್ನು 1974ರಿಂದ 1982ಕ್ಕೆ ಕಟ್ಟಿಹಾಕಿ, ಆಮೇಲೆ ಸಿಕ್ಕ ಪಿಡಿಎಫ್ ಒಳಗೆ ರಾಯಚೂರು, ಕರ್ನಾಟಕ ಎಂದು ಹುಡುಕಿ. ಎರಿಕ್‌ನ ಹಳೆ ಸ್ಕ್ಯಾನ್‌ಗಳು ಮಸುಕಾಗಿರುವುದರಿಂದ ಯಂತ್ರದ ಹುಡುಕಾಟ ಕೆಲವು ಕಡೆ ಸೋಲುತ್ತದೆ, ಕೋಷ್ಟಕಗಳಿರುವ ಪುಟಗಳನ್ನು ಕಣ್ಣಿಂದಲೇ ನೋಡಬೇಕು. ಇಡೀ ಕಾಗದ ಉಚಿತ, ಡೇಟಾ ಖರ್ಚೂ ಅಲ್ಪ. ನಮ್ಮ ಭಾಗದ ಎಂ.ಎ. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ವಿಷಯ ಕಾಣುವುದಿಲ್ಲ. ಆಗ ಟಿವಿ ನೋಡಿದ ಮಕ್ಕಳಿಗೆ ಈಗ ಅರವತ್ತರ ಆಸುಪಾಸು, ಇನ್ನೂ ಮಾತಾಡಿಸಬಹುದು.

ಪತ್ರಿಕೆ, ಕಡತ, ಪ್ರಬಂಧ

ಗೂಗಲ್‌ನ ಹಳೆ ಪತ್ರಿಕೆಗಳ ಭಂಡಾರದಲ್ಲಿ 'ಇಂಡಿಯನ್ ಎಕ್ಸ್‌ಪ್ರೆಸ್' ಸಂಚಿಕೆಗಳಿವೆ, ಉಚಿತ. ಪದ ಹಾಕಿ ಹುಡುಕುವುದು ಅಲ್ಲಿ ನಂಬಿಕೆಗೆ ಅರ್ಹವಲ್ಲ, ದಿನಾಂಕ ಹಿಡಿದು ಪುಟ ಮಗುಚಬೇಕು. ಹಾಗಾಗಿ ಬಿಡುಗಡೆಯ ದಿನ ಬೇರೆ ಕಡೆ ಗೊತ್ತುಮಾಡಿಕೊಂಡು ಬಂದವರಿಗೆ ಮಾತ್ರ ಇದು ಲಾಭ. ರಾಷ್ಟ್ರೀಯ ಅಭಿಲೇಖಾಲಯದ 'ಅಭಿಲೇಖ್ ಪಟಲ್' ತಾಣದಲ್ಲಿ ಬ್ರಿಟಿಷರ ಕಾಲದ ಸರ್ಕಾರಿ ಕಡತಗಳು ಸಿಗುತ್ತವೆ. ಸೆನ್ಸಾರ್, ನಿಷೇಧ, ಪರವಾನಗಿಯ ವಿಷಯಕ್ಕೆ ಹೆಸರು ನೋಂದಾಯಿಸಿ ನೋಡಿ, ಹಳೆ ಕಾಗುಣಿತ ಮರೆಯಬೇಡಿ.

'ಶೋಧಗಂಗಾ'ದಲ್ಲಿ ಕನ್ನಡ ಪಿಎಚ್.ಡಿ. ಪ್ರಬಂಧಗಳಿವೆ. ಕನ್ನಡದಲ್ಲಿ ಪದ ಹಾಕಿದರೆ ಎಷ್ಟೋ ಸಲ ಏನೂ ಬರುವುದಿಲ್ಲ. ಕಾರಣ, ಹಳೆಯ ಪ್ರಬಂಧಗಳನ್ನು 'ನುಡಿ', 'ಬರಹ' ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಟೈಪ್ ಮಾಡಿದ್ದಾರೆ, ಯಂತ್ರಕ್ಕೆ ಅದು ಕನ್ನಡವೇ ಅಲ್ಲ. ವಿಶ್ವವಿದ್ಯಾಲಯ, ವಿಭಾಗ ಎಂಬ ದಾರಿಯಲ್ಲಿ ಇಳಿದು ಪಟ್ಟಿ ಓದುವುದು, ಇಲ್ಲವೇ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಊಹಿಸಿ ಹಾಕುವುದು ಉಪಾಯ. ಸಿಕ್ಕ ಪುಟವನ್ನು ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ತಕ್ಕಮಟ್ಟಿಗೆ ಹೊರಬರುತ್ತದೆ, ಒಂದೊಂದು ಕಡತ 2 ಎಂಬಿ ಒಳಗಿರುವಂತೆ ತುಂಡುಮಾಡಿ.

ವಿದ್ವತ್ ಪತ್ರಿಕೆಗಳಿಗೆ ಸರ್ಕಾರಿ ವಿಶ್ವವಿದ್ಯಾಲಯದವರು 'ಒಂದು ದೇಶ ಒಂದು ಚಂದಾ' ಯೋಜನೆಯನ್ನು ಕೇಳಿ. 2025ರ ಜನವರಿಯಿಂದ 30 ಪ್ರಕಾಶಕರ ಪತ್ರಿಕೆಗಳು ಅದರಲ್ಲಿವೆ, ದಕ್ಷಿಣ ಏಷ್ಯಾದ ಚಿತ್ರಗಳಿಗೇ ಮೀಸಲಾದ 'ಬಯೋಸ್ಕೋಪ್' ಹೊರತರುವ ಸೇಜ್ ಪ್ರಕಾಶನವೂ ಅದರಲ್ಲಿದೆ. ಯಾವ ವಿಶ್ವವಿದ್ಯಾಲಯಕ್ಕೂ ಸೇರದ ಹವ್ಯಾಸಿಗಳಿಗೆ ಈ ಬಾಗಿಲು ಮುಚ್ಚಿದೆ, ಅವರು ಲೇಖಕರಿಗೇ ಇಮೇಲ್ ಮಾಡಿ ಪ್ರತಿ ಕೇಳಬಹುದು, ಬಹುತೇಕರು ಕಳಿಸುತ್ತಾರೆ.

ಬ್ರಿಟಿಷ್ ಪಾಥೆ, ಬ್ರಿಟಿಷ್ ಮೂವಿಟೋನ್ ಸುದ್ದಿಚಿತ್ರಗಳು ಯೂಟ್ಯೂಬ್‌ನಲ್ಲಿವೆ, ಬ್ರಿಟಿಷ್ ವಸಾಹತುಗಳ ಚಿತ್ರಗಳ 'ಕಲೋನಿಯಲ್ ಫಿಲ್ಮ್' ತಾಣದಲ್ಲಿ 6000ಕ್ಕೂ ಹೆಚ್ಚು ಚಿತ್ರಗಳ ವಿವರವಿದೆ, ಅದರಲ್ಲಿ ನೋಡಲು ಸಿಗುವುದು 150ರಷ್ಟು. ನಮ್ಮ ಮೂರು ಜಿಲ್ಲೆಗೆ ಇವುಗಳಿಂದ ಸಿಗುವುದು ಅಪರೂಪ. ನಿಜಾಮ, ಹಂಪಿ, ಹಾಸ್ಪೆಟ್ ಎಂದು ಅರ್ಧ ದಿನ ನೋಡಿ ಮುಂದೆ ಹೋಗಿ.

ಯೂಟ್ಯೂಬ್ ಸಾಕೇ?

ನೋಡಿ ಪರಿಚಯ ಮಾಡಿಕೊಳ್ಳಲು ಸಾಕು, ಆಧಾರವಾಗಿ ಕೊಡಲು ಸಾಲದು. ಹಕ್ಕಿಲ್ಲದೆ ಏರಿಸುವವರು ಯಂತ್ರದ ಕಣ್ಣು ತಪ್ಪಿಸಲು ಚಿತ್ರವನ್ನು ಕನ್ನಡಿಯಂತೆ ಎಡಬಲ ತಿರುಗಿಸುತ್ತಾರೆ, ಅಂಚು ಕತ್ತರಿಸುತ್ತಾರೆ, ಧ್ವನಿಯ ಶ್ರುತಿ ಏರಿಸುತ್ತಾರೆ. ಗಂಡಸರ ಅಂಗಿಯ ಜೇಬು ಬಲಗಡೆ ಕಂಡರೆ, ಅಂಗಡಿಯ ಬೋರ್ಡಿನ ಅಕ್ಷರ ತಿರುಗಿದ್ದರೆ ಆ ಪ್ರತಿಯನ್ನು ಬಿಟ್ಟುಬಿಡಿ.

ಪ್ರತಿ ಪೂರ್ತಿಯಿದೆಯೇ ಎಂದು ತಿಳಿಯಲು ಚಿತ್ರದ ಮೊದಲಿಗೆ ಬರುವ ಸೆನ್ಸಾರ್ ಪತ್ರ ನಿಲ್ಲಿಸಿ ಓದಿ. ಉದ್ದ ಮೀಟರ್ ಅಥವಾ ಅಡಿಯಲ್ಲಿರುತ್ತದೆ. 35 ಎಂಎಂ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ 27.43 ಮೀಟರ್ ಓಡುತ್ತದೆ. 4000 ಮೀಟರ್ ಎಂದಿದ್ದರೆ ಸುಮಾರು 146 ನಿಮಿಷ. ಪ್ರತಿ 140 ನಿಮಿಷ ಇದ್ದರೆ ಗಾಬರಿಯಾಗಬೇಡಿ, ಟಿವಿಗಾಗಿ ಸೆಕೆಂಡಿಗೆ 24ರ ಬದಲು 25 ಚೌಕಟ್ಟಿನಂತೆ ಓಡಿಸಿದ ಪ್ರತಿ ಅದು, ಏನೂ ಕತ್ತರಿಸಿಲ್ಲ. 120 ಇದ್ದರೆ ಮಾತ್ರ ಹಾಡೋ ದೃಶ್ಯವೋ ಹೋಗಿದೆ. ಇಂಟರ್ನೆಟ್ ಆರ್ಕೈವ್‌ನ ಪ್ರತಿಗಳಿಗೂ ಇದೇ ಲೆಕ್ಕ ಹಾಕಿ.

ಒಂದು ಹುಡುಕಾಟ ಹೇಗೆ ಸಾಗಬೇಕು

ಬಳ್ಳಾರಿ ರಾಘವರನ್ನು ತೆಗೆದುಕೊಳ್ಳಿ. 1946ರಲ್ಲಿ ತೀರಿಕೊಂಡ ಈ ದೊಡ್ಡ ರಂಗನಟ 1939ರ ತೆಲುಗು ಚಿತ್ರ 'ರೈತು ಬಿಡ್ಡ'ದಲ್ಲಿ ನಟಿಸಿದ್ದಾರೆ. ಕನ್ನಡ ಚಿತ್ರಗಳ ಪಟ್ಟಿಯಲ್ಲಿ ಹುಡುಕುವವರಿಗೆ ಅವರು ಸಿಗುವುದೇ ಇಲ್ಲ. ಮೊದಲು ಇಂಡಿಯನ್‌ಸಿನೆಯಲ್ಲಿ ತೆಲುಗು, 1939 ಎಂದು ಸೋಸಿ ಚಿತ್ರದ ಪುಟ ತೆರೆದು ತಾರಾಗಣ ಬರೆದುಕೊಳ್ಳಿ. ನಂತರ ಲ್ಯಾಂಟರ್ನ್‌ನಲ್ಲಿ ಚಿತ್ರದ ಹೆಸರನ್ನು 'ರೈತು', 'ರೈತ್ತು', 'ರಯತು' ಎಂದು ಇಂಗ್ಲಿಷಿನ ಮೂರ್ನಾಲ್ಕು ಕಾಗುಣಿತದಲ್ಲಿ, ನಟರ ಹೆಸರನ್ನು 'ರಾಘವ' ಮತ್ತು 'ರಾಘವಾಚಾರಿ' ಎಂದು ಹುಡುಕಿ. ಬಿಡುಗಡೆಯ ತಿಂಗಳು ಸಿಕ್ಕರೆ ಮದರಾಸಿನ ಪತ್ರಿಕೆಯ ಆ ವಾರಗಳ ಜಾಹೀರಾತು ಪುಟ ಮಗುಚಿ. ಜಮೀನ್ದಾರಿಯ ವಿರುದ್ಧ ನಿಂತ ಚಿತ್ರವಾದ್ದರಿಂದ ಅಭಿಲೇಖ್ ಪಟಲ್‌ನಲ್ಲೂ ಒಮ್ಮೆ ಹೆಸರು ಹಾಕಿ ನೋಡುವುದು ವ್ಯರ್ಥವಲ್ಲ. ಇಷ್ಟರಲ್ಲಿ ಒಂದು ರೂಪಾಯಿ ಶುಲ್ಕವೂ ಇಲ್ಲ. ಸ್ಥಿರಚಿತ್ರ, ಹಾಡಿನ ಪುಸ್ತಕ ಬೇಕೆನಿಸಿದಾಗ ಪುಣೆಗೆ ಬರೆಯಿರಿ, ಆಗ ನಿಮ್ಮ ಪಟ್ಟಿ ತಾನಾಗಿ ಸಿದ್ಧವಾಗಿರುತ್ತದೆ.

ಯಾರಿಗೆ ಯಾವುದು

ಮೊಬೈಲ್ ಒಂದೇ ಇರುವ ಪದವಿ ವಿದ್ಯಾರ್ಥಿಗೆ ಇಂಟರ್ನೆಟ್ ಆರ್ಕೈವ್‌ನ ಕಾಗದ ಮತ್ತು ಧ್ವನಿ ಹೊಂದುತ್ತದೆ. 128 ಕೆಬಿಪಿಎಸ್ ಧ್ವನಿ ಗಂಟೆಗೆ 58 ಎಂಬಿ ಮಾತ್ರ ತಿನ್ನುತ್ತದೆ, ಅಲ್ಲಿ ಕೆಲವು ಚಿತ್ರಗಳಿಗೆ ಇರುವ 512 ಕೆಬಿಪಿಎಸ್ ಸಣ್ಣ ವಿಡಿಯೋ ಗಂಟೆಗೆ ಸುಮಾರು 230 ಎಂಬಿ. ಮೂಲ ಗಾತ್ರದ ಕಡತವನ್ನು ಮೊಬೈಲಿನಲ್ಲಿ ಒತ್ತಿದರೆ ಒಂದು ದಿನದ ಪ್ಯಾಕ್ ಒಂದೇ ಚಿತ್ರಕ್ಕೆ ಮುಗಿಯಬಹುದು, ಇಳಿಸುವ ಮುನ್ನ ಪಟ್ಟಿಯಲ್ಲಿ ಗಾತ್ರ ನೋಡಿ.

ಚಿತ್ರ ವಿಮರ್ಶೆ, ಶೈಲಿಯ ಅಧ್ಯಯನಕ್ಕೆ ಇಂಡಿಯನ್‌ಸಿನೆ, ಜೊತೆಗೆ ಕಾಲೇಜಿನ ಕಂಪ್ಯೂಟರ್. ಜಾನಪದ, ಸಂಗೀತದವರು ಆನ್‌ಲೈನ್‌ನಲ್ಲಿ ಒಂದು ವಾರಕ್ಕಿಂತ ಹೆಚ್ಚು ಕಳೆಯದೆ ಆಕಾಶವಾಣಿ ನಿಲಯಕ್ಕೂ ಕಲಾವಿದರ ಮನೆಗೂ ಹೋಗುವುದು ಲೇಸು. ಆಕಾಶವಾಣಿಗೂ ಹಿಂದಿನ ಗ್ರಾಮಫೋನ್ ಕಾಲದ ನಾಟಕದ ಹಾಡು ಬೇಕಿದ್ದರೆ 'ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್' ನೋಡಬಹುದು. ಟಿವಿ ಇತಿಹಾಸಕ್ಕೆ ಎರಿಕ್ ಮತ್ತು ನಾಸಾ.

ಸಾಕ್ಷ್ಯಚಿತ್ರ ಮಾಡುವವರ ಲೆಕ್ಕ ಮಾತ್ರ ಬೇರೆ. ಪ್ರಬಂಧದಲ್ಲಿ ಅಧ್ಯಯನಕ್ಕೆ, ವಿಮರ್ಶೆಗೆ ಉಲ್ಲೇಖಿಸುವುದಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಅವಕಾಶ ಕೊಡುತ್ತದೆ, ತುಣುಕನ್ನು ನಿಮ್ಮ ಚಿತ್ರದೊಳಗೆ ಸೇರಿಸಿ ತೋರಿಸುವುದು ಅಷ್ಟು ಸಲೀಸಲ್ಲ. ಚಲನಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. 1954ರ 'ಬೇಡರ ಕಣ್ಣಪ್ಪ'ದ ಮೇಲಿನ ಆ ಹಕ್ಕು 2014ರ ಡಿಸೆಂಬರ್ 31ಕ್ಕೆ ಮುಗಿದಿದೆ. ಆದರೆ ಹಾಡಿನ ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆ, ಅದು ಬರೆದವರು ತೀರಿಕೊಂಡ ನಂತರ 60 ವರ್ಷ. ಹಾಗಾಗಿ ಹಳೆ ಚಿತ್ರದ ಮಾತಿಲ್ಲದ ದೃಶ್ಯ ಬಳಸುವುದು ಸುಲಭ, ಅದೇ ಚಿತ್ರದ ಹಾಡು ಬಳಸಲು ಅನುಮತಿ ಬೇಕಾಗಬಹುದು. ಪ್ರಸಾರ ಸಂಸ್ಥೆಯ ಪ್ರಸಾರದ ಹಕ್ಕು 25 ವರ್ಷ, ಆದರೆ ಅದರೊಳಗಿನ ಹಾಡು, ನಾಟಕದ ಹಕ್ಕು ತನ್ನ ಪಾಡಿಗೆ ನಡೆಯುತ್ತಿರುತ್ತದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಕ್ಕಿತು ಎಂಬುದು ಅನುಮತಿ ಅಲ್ಲ. ಬಜೆಟ್ಟಿನಲ್ಲಿ ಹಕ್ಕಿನ ಹಣವನ್ನು ಮೊದಲೇ ತೆಗೆದಿಡಿ, ಲಿಖಿತ ಅನುಮತಿ ಬರುವವರೆಗೆ ಆ ತುಣುಕಿನ ಮೇಲೆ ಎಡಿಟಿಂಗ್ ಕಟ್ಟಬೇಡಿ.

ಯಾವ ಭಂಡಾರ ಆರಿಸಿದರೂ ಸಿಕ್ಕ ದಿನವೇ ನಾಲ್ಕು ವಿಷಯ ಬರೆದಿಡಿ: ಪೂರ್ತಿ ವಿಳಾಸ, ನೋಡಿದ ದಿನಾಂಕ, ಪುಟ ಅಥವಾ ನಿಮಿಷ, ಹುಡುಕಲು ಬಳಸಿದ ಕಾಗುಣಿತ. ಬಿಡಿ ಪುಟಗಳ ವಿಳಾಸವನ್ನು, ಜಾಲಪುಟಗಳ ನಕಲು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನ 'ಈಗಲೇ ಉಳಿಸು' ಪೆಟ್ಟಿಗೆಗೆ ಅಂಟಿಸಿ, ಅದು ಕೊಡುವ ಹೊಸ ವಿಳಾಸವನ್ನೂ ಪಕ್ಕದಲ್ಲಿ ಬರೆಯಿರಿ. ಮೂಲ ತಾಣ ನಿಂತುಹೋದರೆ ಪರೀಕ್ಷಕರಿಗೆ ತೋರಿಸಲು ಉಳಿಯುವುದು ಆ ವಿಳಾಸ. ವಿಡಿಯೋ ಹಾಗೆ ಉಳಿಯುತ್ತದೆಂದು ನಂಬುವಂತಿಲ್ಲ, ಹಕ್ಕು ಮುಗಿದ ಚಿತ್ರವಾದರೆ ಇಳಿಸಿ ಎರಡು ಬೇರೆ ಬೇರೆ ಡ್ರೈವ್‌ಗಳಲ್ಲಿ ಇಡಬೇಕು.